ಪ್ಲಾಸ್ಟಿಕ್ಕಿಗೂ ಮುಸುರೆ ಉಂಟು

ವೆಂಕೂಬಾಯಿಯವರು ಮಾನ್ವಿಯಲ್ಲಿ ಹುಟ್ಟಿದ್ದು ೧೯೬೨ನೆಯ ಇಸವಿ ಅಕ್ಟೋಬರ್ ೧೧, ಗುರುವಾರ. ಶಾಲೆಯ ದಾಖಲೆಯಲ್ಲಿ ಜೂನ್ ೧ ಎಂದಿದೆ. ಅದು ಆ ಕಾಲದ ಮಾಸ್ತರರು ತಮ್ಮ ಅನುಕೂಲಕ್ಕಾಗಿ ಊರಿನ ಎಲ್ಲ ಮಕ್ಕಳಿಗೂ ಹಂಚಿದ ತಾರೀಖು, ನಂಬತಕ್ಕದ್ದಲ್ಲ. ೧೯೮೧ರ ಮೇ ೧೭ರಂದು ಮದುವೆಯಾಗಿ ರಾಯಚೂರಿಗೆ ಬಂದರು. ೨೦೦೯ರಲ್ಲಿ ಪತಿ ತೀರಿಕೊಂಡ ಮೇಲೆ ಹಳೆಯ ಪೇಟೆಯಲ್ಲಿ ದಿನವೂ ಪಂಕ್ತಿಭೋಜನ ನಡೆಯುವ ಶ್ರೀಹರಿ ಸೇವಾಭವನದ ಅಡಿಗೆಮನೆಯನ್ನು ವಹಿಸಿಕೊಂಡರು. ಅಂದಿನಿಂದ ಅವರು ಒಲೆಯ ಮುಂದೆ ನಿಂತರೆಂದರೆ ಭವನದ ಆಡಳಿತ ಮಂಡಳಿಯವರೂ ಬಾಗಿಲಾಚೆ ನಿಂತು ಮಾತನಾಡುವುದು ರೂಢಿಯಾಯಿತು. ಎತ್ತರದ ಆಳು, ಎತ್ತರದ ಧ್ವನಿ. ಸಾರಿಗೆ ಉಪ್ಪು ಕಡಿಮೆಯಾಗಿದೆಯೆಂದು ಯಾರಾದರೂ ಅಂದರೆ ಉಪ್ಪಿನ ಬಟ್ಟಲನ್ನೇ ಎಲೆಯ ಪಕ್ಕಕ್ಕೆ ಇಟ್ಟು ಬರುವ ಸ್ವಭಾವ.

ಮಗ ವೆಂಕಟೇಶನಿಗೆ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಪಾಳಿಯ ಕೆಲಸ. ಸೊಸೆ ಶ್ರೀಪ್ರಿಯಾ ಗಿಲ್ಲೆಸುಗೂರಿನ ಶಾಲೆಯಲ್ಲಿ ಶಿಕ್ಷಕಿ, ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ಬರುವವಳು. ಹೀಗಾಗಿ ೨೦೧೭ರ ಏಪ್ರಿಲ್ ೨ರಂದು ಹುಟ್ಟಿದ ಮೊಮ್ಮಗಳು ವೇದಶ್ರೀ ಬೆಳೆದದ್ದೆಲ್ಲ ಸೇವಾಭವನದ ಅಂಗಳದಲ್ಲೇ. ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಅಲ್ಲಿ ಉಪಾಹಾರ, ಮಧ್ಯಾಹ್ನ ಬಂದೊಡನೆ ಪಂಕ್ತಿಯ ಕೊನೆಯಲ್ಲಿ ಊಟ.

ಇಲ್ಲಿ ಮಡಿಯ ಒಂದು ಕಟ್ಟಳೆಯನ್ನು ಹೇಳಿಬಿಡಬೇಕು. ಅನ್ನ, ಹುಳಿ, ಸಾರು ತಾಗಿದ ಕೈಗೂ ಪಾತ್ರೆಗೂ ಹತ್ತುವ ದೋಷಕ್ಕೆ ಮುಸುರೆ ಎಂದು ಹೆಸರು. ಮುಸುರೆ ಕೈಯಲ್ಲಿ ಮೊಸರು, ತುಪ್ಪ, ಕುಡಿಯುವ ನೀರನ್ನು ಮುಟ್ಟುವಂತಿಲ್ಲ. ಲೋಹದ ಪಾತ್ರೆಯನ್ನು ತೊಳೆದರೆ ಮುಸುರೆ ಹೋಯಿತು. ಮಣ್ಣಿನ ಗಡಿಗೆ ಮಾತ್ರ ಉಂಡದ್ದನ್ನು ಒಳಗೆ ಹೀರಿಕೊಳ್ಳುವುದರಿಂದ ತೊಳೆದರೂ ಹೋಗದು. ಒಮ್ಮೆ ಅನ್ನ ತಾಗಿದರೆ ಅದು ಮಡಿಗೆ ಎರವಾದಂತೆಯೇ. ಈ ನಿಯಮಗಳು ಹುಟ್ಟಿದ ಕಾಲಕ್ಕೆ ಪ್ಲಾಸ್ಟಿಕ್ ಹುಟ್ಟಿರಲಿಲ್ಲ. ಅದು ಅಡಿಗೆಮನೆಗೆ ಬಂದಾಗ ಲೋಹದ ಸಾಲಿಗೆ ಸೇರಿಸಬೇಕೋ ಮಣ್ಣಿನ ಸಾಲಿಗೋ ಯಾರಿಗೂ ತಿಳಿಯಲಿಲ್ಲ. ನುಣ್ಣಗಿದೆ, ನೀರು ಹೀರುವುದಿಲ್ಲ, ಹಗುರ. ಇಷ್ಟನ್ನು ಕಂಡು ಮನೆಮನೆಯ ಹೆಂಗಸರು ಸೇರಿ ತಾವೇ ಒಂದು ತೀರ್ಪು ಕೊಟ್ಟುಕೊಂಡರು: ‘ಪ್ಲಾಸ್ಟಿಕ್ಕಿಗೆ ಮುಸುರಿ ಇಲ್ಲ.’ ಯಾವ ಗ್ರಂಥದಲ್ಲೂ ಇಲ್ಲದ ಈ ತೀರ್ಪು ಗ್ರಂಥದಲ್ಲಿದ್ದ ತೀರ್ಪುಗಳಿಗಿಂತ ಬೇಗ ಊರೆಲ್ಲ ಹಬ್ಬಿತು. ಅದರಿಂದ ಆದ ಅನುಕೂಲವನ್ನು ಅಡಿಗೆ ಮಾಡುವವರೇ ಬಲ್ಲರು. ಕುದಿಯುವ ಹುಳಿಯನ್ನು ಬಗ್ಗಿಸಿದ ಟಬ್ಬಿನಂಥ ಬುಟ್ಟಿಯನ್ನೇ ತೊಳೆದು ಸಂಜೆ ಕುಡಿಯುವ ನೀರಿಗೆ ಇಡಬಹುದು. ಬಡಿಸುವವನು ಅನ್ನದ ಬುಟ್ಟಿ ಇಳಿಸಿ ಹಾಗೆಯೇ ತುಪ್ಪದ ಡಬ್ಬಿ ಹಿಡಿಯಬಹುದು. ಸೇವಾಭವನದಲ್ಲಿ ಹಿತ್ತಾಳೆಯ ಕೊಪ್ಪರಿಗೆಗಳು ಅಟ್ಟ ಸೇರಿದವು, ದೊಡ್ಡ ದೊಡ್ಡ ಪ್ಲಾಸ್ಟಿಕ್ ಬುಟ್ಟಿಗಳು ಕೆಳಗೆ ಸಾಲಾಗಿ ನಿಂತವು. ವೆಂಕೂಬಾಯಿಯವರಿಗೂ ಇದು ಒಪ್ಪಿಗೆಯೇ ಆಗಿತ್ತು.

೨೦೨೪ನೆಯ ಇಸವಿ ಜೂನ್ ೯, ಭಾನುವಾರ. ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಶ್ರೀಪ್ರಿಯಾ ತಂಬಿಗೆಯನ್ನು ಹಂಡೆಗೆ ಬಿಟ್ಟು ಬಗ್ಗಿ ನೋಡಿದಳು. ಹನ್ನೊಂದು ಹನ್ನೆರಡರ ಹುಡುಗಿಯರಲ್ಲಿ ಕಾಣಬೇಕಾದ ಬದಲಾವಣೆಯ ಮೊದಲ ಗುರುತು ಏಳು ವರ್ಷದ ಕೂಸಿನಲ್ಲಿ ಕಂಡಿತ್ತು. ಅತ್ತೆಗೆ ಹೇಳಿದಳು. ವೆಂಕೂಬಾಯಿಯವರು ಮೊದಲು ಉಷ್ಣವೆಂದರು, ಆಮೇಲೆ ಸೊಸೆಯ ಮುಖ ನೋಡಿ ಆ ಮಾತನ್ನು ನುಂಗಿಕೊಂಡರು.

ಮಕ್ಕಳ ಹಾರ್ಮೋನುಗಳ ತಜ್ಞೆ ಡಾಕ್ಟರ್ ದೇವಿಕಾ ಪ್ರತಿ ತಿಂಗಳ ಎರಡನೆಯ ಶನಿವಾರ ರಾಯಚೂರಿನ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ಜುಲೈ ೧೩ರಂದು ಅತ್ತೆ ಸೊಸೆ ಇಬ್ಬರೂ ಕೂಸನ್ನು ಕರೆದುಕೊಂಡು ಹೋದರು. ರಕ್ತಪರೀಕ್ಷೆ, ಎಲುಬಿನ ವಯಸ್ಸು ತಿಳಿಯಲು ಎಡಗೈಯ ಎಕ್ಸ್‌ರೇ, ಎಲ್ಲ ಆದ ಮೇಲೆ ವೈದ್ಯೆ ಕೂಸನ್ನು ಹೊರಗೆ ಆಡಲು ಕಳಿಸಿ ಬಾಗಿಲು ಮುಂದೆ ಮಾಡಿದರು.

“ಹೆದರಬ್ಯಾಡ್ರಿ. ಮೆದುಳಿನಿಂದ ಹುಕುಮು ಬಂದು ಶುರುವಾದ ಪೂರ್ತಿ ಬದಲಾವಣೆ ಅಲ್ಲ ಇದು. ಹಿಂದಕ್ಕೂ ಹೋಗಬಹುದು, ಮುಂದಕ್ಕೂ ಹೋಗಬಹುದು. ಎಲುಬಿನ ವಯಸ್ಸು ಒಂದೀಟು ಮುಂದ ಓಡ್ಯದ. ಇನ್ನ ಆರು ತಿಂಗಳು ನೋಡೋಣ. ಮುಂದs ಓಡಿದ್ರ ಇಂಜೆಕ್ಷನ್ ಶುರು ಮಾಡಬೇಕಾಗ್ತದ, ವರ್ಷಗಟ್ಲೆ.” ಆಮೇಲೆ ಕೇಳಿದರು, “ಕೂಸು ಏನು ಉಣ್ತದ?”

ವೆಂಕೂಬಾಯಿಯವರು ಸೆಟೆದು ಕುಳಿತರು. “ಹೊಟೇಲಿನ ಬಾಗಿಲು ನೋಡಿದ ಕೂಸಲ್ರೀ ಅದು. ದಿನಾ ಸೇವಾಭವನದಾಗ ಮಡಿ ಅಡಿಗಿ. ನಾನs ಮಾಡಿದ್ದು, ಕುದಿ ಕುದಿ ಬಡಿಸಿದ್ದು.”

“ಕುದಿ ಕುದಿ ಅಂದ್ರ, ಯಾವುದರಾಗ ಹಾಕಿ ಬಡಿಸ್ತೀರಿ?”

“ಪ್ಲಾಸ್ಟಿಕ್ ಬುಟ್ಟಿಯೊಳಗ.”

ದೇವಿಕಾ ಲೇಖನಿಯನ್ನು ಕೆಳಗಿಟ್ಟರು. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು, ಗಟ್ಟಿ ಮಾಡಲು, ಬಣ್ಣ ನಿಲ್ಲಿಸಲು ಹತ್ತಾರು ರಾಸಾಯನಿಕಗಳನ್ನು ಬೆರೆಸುತ್ತಾರೆಂದೂ, ಥ್ಯಾಲೇಟ್, ಬಿಸ್ಫೆನಾಲ್ ಎಂಬಂಥವು ಅವುಗಳಲ್ಲಿ ಮುಖ್ಯವೆಂದೂ, ಬಿಸಿ, ಜಿಡ್ಡು, ಹುಳಿ ತಾಗಿದಾಗ ಅವು ಸುಲಭವಾಗಿ ಊಟಕ್ಕೆ ಇಳಿಯುತ್ತವೆಂದೂ ವಿವರಿಸಿದರು. ಬುಟ್ಟಿ ಹಳತಾಗಿ ಸವೆದಂತೆ ಕಣ್ಣಿಗೆ ಕಾಣದ ಪುಡಿಯೂ ಉದುರುತ್ತದೆ.

“ಅವು ಮೈಯೊಳಗ ಹೋಗಿ ಏನು ಮಾಡ್ತಾವ?” ಎಂದಳು ಶ್ರೀಪ್ರಿಯಾ.

“ನಿಮ್ಮ ಭವನದಾಗ ಊಟಕ್ಕ ಹೆಂಗ ಎಬ್ಬಿಸ್ತಾರ?”

“ಒಬ್ಬರು ಬಂದು, ಎಲಿ ಹಾಕ್ಯಾರ, ಏಳ್ರಿ ಅಂತಾರ,” ಎಂದರು ವೆಂಕೂಬಾಯಿ.

“ಹಾರ್ಮೋನು ಅಂದ್ರ ಹಂಗ ಎಬ್ಬಿಸಲಿಕ್ಕೆ ಬರೋ ಮನುಷ್ಯಾ. ಅವನ ವೇಷ ಹಾಕ್ಕೊಂಡು ಬ್ಯಾರೆ ಯಾರೋ ಬಂದು, ಅಡಿಗಿ ಆಗೋದರ ಮೊದಲs ಏಳ್ರಿ ಅಂದ್ರ?”

“ಮಂದಿ ಎದ್ದು ಬಂದು ಕೂತುಬಿಡ್ತದ! ಒಳಗ ಅಕ್ಕಿ ಇನ್ನ ಒಲಿ ಮ್ಯಾಲೆ ಇರ್ತದ!” ವೆಂಕೂಬಾಯಿಯವರ ಧ್ವನಿ ತಾನಾಗಿ ಏರಿತು. ಇಳಿಯುವಾಗ ಬೇರೆಯೇ ಆಗಿ ಇಳಿಯಿತು. “ನಮ್ಮ ಕೂಸಿಗೆ ಹಂಗs ಆಗ್ಯದೇನ್ರಿ?”

“ಇದರಿಂದನs ಆತು ಅಂತ ನಾ ಹೇಳಲಾರೆ. ಯಾರೂ ಹೇಳಲಿಕ್ಕಾಗೂದಿಲ್ಲ. ಇದ್ಯಾವುದೂ ಇಲ್ಲದ ಮಕ್ಕಳಿಗೂ ಆಗ್ತದ. ಆದ್ರ ತಪ್ಪಿಸಲಿಕ್ಕೆ ಬರೋದನ್ನ ತಪ್ಪಿಸಬೇಕಲ್ಲ?”

ಹೊರಗೆ ಬಂದಾಗ ವೇದಶ್ರೀ ಜಗಲಿಯ ಮೇಲೆ ಒಂಟಿಗಾಲಲ್ಲಿ ಕುಪ್ಪಳಿಸುತ್ತಿದ್ದಳು. ಅಜ್ಜಿ ಅದನ್ನೇ ನೋಡುತ್ತ ನಿಂತು ಸೊಸೆಗೆ ಅಂದರು: “ಈ ಮಾತು ನಮ್ಮ ಮೂರು ಮಂದಿ ಬಿಟ್ಟು ಹೊರಗ ಹೋಗಬಾರದು. ಹೆಣ್ಣುಕೂಸು. ಊರಿನ ಬಾಯಾಗ ಬಿದ್ರ ಮದುವಿ ಆಗೋತನಕ ಬಿಡೂದಿಲ್ಲ.”

ಮನೆಯಲ್ಲಿ ಅಂದೇ ಬದಲಾಯಿತು. ಡಬ್ಬಿಗಳೆಲ್ಲ ಹೊರಗೆ, ಸ್ಟೀಲು ಗಾಜು ಒಳಗೆ. ಆದರೆ ಕೂಸು ಉಣ್ಣುವುದು ಮನೆಯಲ್ಲಲ್ಲ, ಭವನದಲ್ಲಿ. ಜುಲೈ ೧೫, ಸೋಮವಾರ ವೆಂಕೂಬಾಯಿಯವರು ವ್ಯವಸ್ಥಾಪಕ ಸುಶಮೀಂದ್ರನನ್ನು ಕರೆದು, ಬುಟ್ಟಿಗಳನ್ನು ತೆಗೆದು ಹಿತ್ತಾಳೆಯನ್ನು ಇಳಿಸಬೇಕೆಂದರು. ನಲವತ್ತೈದರ ಆಸುಪಾಸಿನ ಸುಶಮೀಂದ್ರ ಕೆಟ್ಟವನಲ್ಲ, ಅವರನ್ನು ಚಿಕ್ಕಮ್ಮನಂತೆ ‘ಕಾಕು’ ಎಂದು ಕರೆಯುವ ಚುರುಕಿನ ಮನುಷ್ಯ. ಚುರುಕಿನವರಿಗೆ ಹಗುರವಾದದ್ದೇ ಇಷ್ಟ.

“ಯಾಕ ಕಾಕು? ವಾಟ್ಸಾಪ್ ನೋಡಲಿಕ್ಕೆ ಹತ್ತೀರೇನು?”

“ಆರೋಗ್ಯಕ್ಕ ಛಲೋ ಅಲ್ಲಂತ.”

“ಇಷ್ಟು ವರ್ಷ ಉಂಡೀವಿ, ಕಲ್ಲಿನಂಗ ಇದ್ದೀವಿ. ಹಿತ್ತಾಳಿ ಎತ್ತವರು ಯಾರು, ತಿಕ್ಕವರು ಯಾರು? ಆ ಕೊಪ್ಪರಿಗಿ ಗುಜರಿಗೆ ಹಾಕಬೇಕಂತ ಮಾಡೀನಿ. ಮತ್ತ ಹಿತ್ತಾಳಿಗೆ ಮುಸುರಿ ಅದ. ಬಡಸವರು ಹೆಜ್ಜಿಗೊಮ್ಮೆ ಕೈ ತೊಳ್ಕೋತ ಕೂತ್ರ ಪಂಕ್ತಿ ಏಳೋದು ಯಾವಾಗ?”

ನಿಜವಾದ ಕಾರಣವನ್ನು ಹೇಳುವಂತಿರಲಿಲ್ಲ, ಹೇಳಬಹುದಾದ ಕಾರಣಕ್ಕೆ ಬಲವಿರಲಿಲ್ಲ. ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ ವೆಂಕೂಬಾಯಿಯವರು ವಾದದಲ್ಲಿ ಸೋತು ಅಡಿಗೆಮನೆಗೆ ಹಿಂತಿರುಗಿದರು.

ಮರುದಿನದಿಂದ ವೇದಶ್ರೀಗೆ ಒಲೆಯ ಮೇಲಿನ ಪಾತ್ರೆಯಿಂದಲೇ ನೇರವಾಗಿ ಸ್ಟೀಲಿನ ಡಬ್ಬಿಗೆ ಹಾಕಿ ಕೊಡತೊಡಗಿದರು. ಕೂಸು ಪಂಕ್ತಿಯನ್ನು ಬಿಟ್ಟು ಕಂಬದ ಮರೆಗೆ ಒಬ್ಬಳೇ ಕುಳಿತು ಉಣ್ಣಬೇಕಾಯಿತು. ರಕ್ಷಣೆಗೆಂದು ಮಾಡಿದ ಈ ಉಪಾಯವೇ ಬಯಲಿಗೆಳೆಯುವ ಉಪಾಯವೂ ಆಯಿತು. “ಕೂಸಿಗೆ ಯಾಕ ಬ್ಯಾರೆ ಡಬ್ಬಿ? ಏನು ಪಥ್ಯ ಹೇಳ್ಯಾರ? ಯಾವ ಡಾಕ್ಟರಿಗೆ ತೋರಿಸೀರಿ?” ಊಟಕ್ಕೆ ಬಂದವರು ತುಪ್ಪ ಬಡಿಸುವಷ್ಟರಲ್ಲಿ ಮೂರು ಪ್ರಶ್ನೆ ಕೇಳುವರು. ಅಕ್ಟೋಬರಿನಲ್ಲಿ ಒಂದು ದಿನ ವೇದಶ್ರೀಯೇ ಕೇಳಿದಳು:

“ಅಜ್ಜಿ, ನನಗ ಏನಾಗ್ಯದ?”

“ಏನೂ ಆಗಿಲ್ಲ ನನ್ನವ್ವ.”

“ಮತ್ತ ಎಲ್ಲಾರ ಜೋಡಿ ಯಾಕ ಕೂಡಬಾರದು?”

ಅಂದು ಹುಳಿಗೆ ಉಪ್ಪು ಎರಡು ಸಲ ಬಿತ್ತು. ಯಾರೂ ಬಾಯಿ ಬಿಡಲಿಲ್ಲ. ಉಪ್ಪಿನ ಬಟ್ಟಲು ಹೊರಗೆ ಬರಬಹುದೆಂಬ ಭಯ.

ನವೆಂಬರ್ ೨೬, ಮಂಗಳವಾರ, ಕಾರ್ತಿಕ ಬಹುಳ ಏಕಾದಶಿ. ಆ ದಿನ ಭವನದಲ್ಲಿ ಒಲೆ ಹಚ್ಚುವುದು ನೀರು ಕಾಯಿಸಲಿಕ್ಕೆ ಮಾತ್ರ. ಎಲ್ಲರಿಗೂ ಉಪವಾಸ. ವೃದ್ಧರಾದ ಗುರುಪ್ರಸನ್ನಾಚಾರ್ಯರು ಸಂಜೆ ಉಪನ್ಯಾಸ ಆರಂಭಿಸಿದ್ದರು. ಗಂಟಲು ಕಟ್ಟಿದ್ದರಿಂದ ಬಿಸಿನೀರು ಬೇಕೆಂದು ಸನ್ನೆ ಮಾಡಿದರು. ಕೇಳುಗರಿಗೂ ಆಗಲೆಂದು ವೆಂಕೂಬಾಯಿಯವರು ಕುದಿಯುವ ನೀರನ್ನು ಒಂದು ಬುಟ್ಟಿಗೆ ಬಗ್ಗಿಸಿದರು. ಹಿಂದಿನ ದಿನ, ದಶಮಿಯ ಮಧ್ಯಾಹ್ನ, ಅದೇ ಬುಟ್ಟಿಯಲ್ಲಿ ಹುಳಿಯಿತ್ತು. ಊಟವಾದ ಮೇಲೆ ಅವರೇ ಸೀಗೆಪುಡಿ ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದ್ದರು.

ಆವಿ ಏರಿತು. ಆವಿಯೊಡನೆ ಇಂಗಿನ ವಾಸನೆಯೂ ಏರಿತು.

ಅವರು ಬಗ್ಗಿ ಮತ್ತೊಮ್ಮೆ ಮೂಸಿದರು. ತೊಳೆದದ್ದು ತಾವೇ, ಒಣಗಿಸಿದ್ದು ತಾವೇ. ಹಾಗಾದರೆ ನಿನ್ನೆಯ ಹುಳಿ ಇಷ್ಟು ಹೊತ್ತು ಎಲ್ಲಿತ್ತು? ಬುಟ್ಟಿಯ ಒಳಮೈಯಲ್ಲಿ, ಎಂದೋ ಬಿಳಿಯಿದ್ದಲ್ಲಿ, ಅರಿಶಿನದ ಹಳದಿ ಗೆರೆಯವರೆಗೂ ನಿಂತಿತ್ತು. ದಿನಾ ಕಂಡದ್ದೇ, ಇಂದು ಮೊದಲ ಬಾರಿ ನೋಡಿದರು. ವೈದ್ಯೆ ಹೇಳಿದ ರಾಸಾಯನಿಕಗಳಿಗೂ ಇಂಗಿಗೂ ಸಂಬಂಧವಿಲ್ಲ. ಇಂಗು ಹೊರಗಿನಿಂದ ಹೋಗಿ ಹೊರಗೆ ಬಂದದ್ದು, ಅವು ಬುಟ್ಟಿಯ ಮೈಯಿಂದಲೇ ಇಳಿಯುವಂಥವು. ಅವಕ್ಕೆ ವಾಸನೆಯೂ ಇಲ್ಲ. ಆದರೆ ಬಿಸಿ ತಾಗಿದರೆ ಬುಟ್ಟಿ ತನ್ನೊಳಗಿನದನ್ನು ಬಿಡುತ್ತದೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ವೆಂಕೂಬಾಯಿಯವರು ಬುಟ್ಟಿಯ ಎರಡೂ ಕಿವಿ ಹಿಡಿದು ಎತ್ತಿಕೊಂಡು ನೇರವಾಗಿ ಸಭೆಯ ನಡುವೆ ತಂದು ಇಟ್ಟರು.

“ಆಚಾರ್ರ, ಇದನ್ನ ಒಂದೀಟು ಮೂಸಿ ನೋಡ್ರಿ.”

ಆಚಾರ್ಯರು ಬಗ್ಗಿದರು. “ಇಂಗು! ಏಕಾದಶಿ ದಿವಸ ಹುಳಿ ಮಾಡೀರೇನು ವೆಂಕೂಬಾಯಿ? ನನ್ನ ಮುಂದ ತರಬ್ಯಾಡ್ರಿ, ಮೊದಲs ಹಸಿವಿ ಆಗ್ಯದ.”

ಸಭೆ ನಕ್ಕಿತು.

“ಇದು ಬರೇ ನೀರ್ರೀ. ಬುಟ್ಟಿ ನಿನ್ನಿದು.”

ನಗೆ ನಿಂತಿತು. ಸುಶಮೀಂದ್ರ ಎದ್ದು ಬಂದ. “ಕಾಕು, ತೊಳಿಯೋದ್ರಾಗ ಏನರ ಹೆಚ್ಚು ಕಡಿಮಿ ಆಗಿರಬೇಕು.”

“ಹೌದೇನಪಾ? ಹಂಗಾದ್ರ ನೀನs ತೊಳಿ.” ಪಾತ್ರೆ ತಿಕ್ಕುವ ತಂತಿಯ ಜುಂಗು, ಹುಣಸೆಹಣ್ಣು, ಸೀಗೆಪುಡಿ ಎಲ್ಲವನ್ನೂ ತಂದು ಅವನ ಮುಂದಿಟ್ಟರು. “ಎಲ್ಲಾರ ಮುಂದ ತೊಳಿ. ನಾ ಕೈ ಹಚ್ಚೂದಿಲ್ಲ.”

ಎಪ್ಪತ್ತು ಎಂಬತ್ತು ಜನ ನೋಡುತ್ತಿರಲು ಸುಶಮೀಂದ್ರ ಧೋತರ ಮೇಲಕ್ಕೆ ಕಟ್ಟಿ ಅಂಗಳದಲ್ಲಿ ಕುಳಿತು ತಿಕ್ಕಿದ. ಹಳದಿ ಕದಲಲಿಲ್ಲ. ಹಟ ಹಿಡಿದು ಮತ್ತೆ ತಿಕ್ಕಿದ. ತೊಳೆಯಲೆಂದು ಕೈ ಎತ್ತಿದಾಗ ಅಂಗೈಗೆ ಬೆಳ್ಳಗೆ ಏನೋ ಅಂಟಿತ್ತು, ಹಿಟ್ಟಿನಂತೆ.

“ಇದೇನಿದು?”

“ಬುಟ್ಟಿ,” ಎಂದರು ವೆಂಕೂಬಾಯಿ. “ದಿನಾ ತಿಕ್ಕಿದಾಗೊಮ್ಮೆ ಅಷ್ಟಷ್ಟು ಏಳ್ತದ. ಎದ್ದಿದ್ದೆಲ್ಲಾ ತೊಳೆದು ಹೋಗೂದಿಲ್ಲ. ಉಳಿದಿದ್ದು ನಾವು ಉಂಡೀವಿ.”

ಮತ್ತೆ ಕುದಿಯುವ ನೀರು ಬಿತ್ತು. ಮತ್ತೆ ಇಂಗು. ಈ ಬಾರಿ ಆಚಾರ್ಯರು ಬಗ್ಗಬೇಕಾಗಲಿಲ್ಲ, ಎರಡನೆಯ ಸಾಲಿನವರಿಗೂ ಬಂದಿತು.

“ಪ್ಲಾಸ್ಟಿಕ್ಕಿಗೆ ಮುಸುರಿ ಇಲ್ಲ ಅಂದವರು ಯಾರು?” ಆಚಾರ್ಯರು ಸಭೆಯನ್ನೆಲ್ಲ ನೋಡಿದರು. ಪ್ರತಿಯೊಬ್ಬರೂ ಪಕ್ಕದವರನ್ನು ನೋಡಿದರು. “ಉಂಡದ್ದನ್ನ ಒಳಗ ಇಟ್ಕೊಂಡು ಬಿಸಿ ತಾಗಿದ ಕೂಡಲೆ ಹೊರಗ ಬಿಡ್ತದ ಅಂದ್ರ ಇದು ಮಣ್ಣಿನ ಸಾಲಿಗೆ ಸೇರಿದ್ದು. ಮಣ್ಣರೆ ಒಳ್ಳೇದು, ತನ್ನ ಮೈ ಉದುರಿಸಿ ಉಣ್ಣಸೂದಿಲ್ಲ.”

“ಹಂಗಾದ್ರ ಆಚಾರ್ರ,” ಹಿಂದಿನಿಂದ ಒಬ್ಬ ಮುದುಕರು ನಡುಗುವ ಧ್ವನಿಯಲ್ಲಿ ಕೇಳಿದರು, “ಇದೇ ಬುಟ್ಟಿ ನೀರು ಕುಡದು ನಾವು ಇಷ್ಟು ವರ್ಷ ಮಾಡಿದ ಏಕಾದಶಿ?”

“ಆ ಲೆಕ್ಕಾ ನೀವು ಹಾಕಬ್ಯಾಡ್ರಿ. ಹಾಕೋನು ಮ್ಯಾಲೆ ಇದ್ದಾನ, ಅವನಿಗೆ ಹುಳಿ ಅಂದ್ರ ಇಷ್ಟ ಇರಬಹುದು.”

ಸಭೆಗೆ ಉಸಿರು ಬಂತು. ಆದರೆ ಸುಶಮೀಂದ್ರ ಅಷ್ಟು ಸುಲಭಕ್ಕೆ ಮಣಿಯುವವನಲ್ಲ. ಬಾಯಲ್ಲಿ ಒಪ್ಪಿಕೊಂಡು ಕೈಯಲ್ಲಿ ಒಂದು ಷರತ್ತು ಇಟ್ಟ. ಮುಕ್ಕೋಟಿ ದ್ವಾದಶಿ ಬರುತ್ತಿದೆ. ಉಪವಾಸ ಮುರಿಯುವ ಪಾರಣೆಗೆ ಆರುನೂರು ಜನರಾದರೂ ಬರುತ್ತಾರೆ. ಈ ವರ್ಷ ದ್ವಾದಶಿ ತಿಥಿ ಬೆಳಿಗ್ಗೆ ಎಂಟೂ ಕಾಲು ದಾಟಿದೊಡನೆ ಮುಗಿಯುತ್ತದೆ. ಸೂರ್ಯೋದಯದ ಅನಂತರ ಅಷ್ಟರೊಳಗೆ ಎಲ್ಲರ ಎಲೆಗೂ ಅನ್ನ ಬೀಳಬೇಕು. ಹಿತ್ತಾಳೆಯಿಂದ ಅದಾದರೆ ಬುಟ್ಟಿಗಳನ್ನು ತಾನೇ ಹೊರಗೆ ಹಾಕುವೆ. ಆಗದಿದ್ದರೆ ಬುಟ್ಟಿ ಅನ್ನಕ್ಕೆ, ನೀರಿಗೆ ಮಾತ್ರ ಬೇರೆ ಪಾತ್ರೆ.

“ಆಗಲಿ,” ಎಂದರು ವೆಂಕೂಬಾಯಿ.

ಅಟ್ಟದಿಂದ ಇಳಿದ ಕೊಪ್ಪರಿಗೆಗಳು ಕಿಲುಬು ಹಿಡಿದು ಹಸಿರಾಗಿದ್ದವು. ಒಳಗಿನ ತವರದ ಕಲಾಯಿ ಹೋಗಿ ಎಷ್ಟೋ ಕಾಲವಾಗಿತ್ತು. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಬೇಯಿಸುವುದು ಇನ್ನೊಂದು ಬಗೆಯ ವಿಷ. ವೆಂಕೂಬಾಯಿಯವರು ಮಾನ್ವಿಯ ಬಸ್ಸು ಹತ್ತಿದರು. ಅವರು ಹುಡುಗಿಯಾಗಿದ್ದಾಗ ಓಣಿಗೆ ಕಲಾಯಿ ಹಾಕಲು ಬರುತ್ತಿದ್ದ ಮನೆತನದ ಸೊಸೆ ಖಾಸಿಂ ಬೀ ಈಗಲೂ ತಿದಿ ಇಟ್ಟುಕೊಂಡಿದ್ದಾಳೆಂದು ಕೇಳಿದ್ದರು. ಇಟ್ಟುಕೊಂಡಿದ್ದಳು. ಆದರೆ ಊದಲು ಕೆಲಸವಿರಲಿಲ್ಲ.

ಡಿಸೆಂಬರ್ ೮, ಭಾನುವಾರ, ಸೇವಾಭವನದ ಹಿತ್ತಲಲ್ಲಿ ಇದ್ದಿಲ ಕುಳಿ ಹೊತ್ತಿತು. ಕಾದು ಕೆಂಪಾದ ಕೊಪ್ಪರಿಗೆಯೊಳಗೆ ಖಾಸಿಂ ಬೀ ನವಸಾಗರ ಎರಚಿ, ತವರದ ಕಡ್ಡಿ ತೀಡಿ, ಅರಳೆಯಿಂದ ಒಂದೇ ಸುತ್ತಿಗೆ ಒರೆಸಿದರೆ ಕಪ್ಪು ಮೈ ಬೆಳ್ಳಿಯಾಗುತ್ತಿತ್ತು. ಸುಶಮೀಂದ್ರನೂ ನೋಡುತ್ತ ನಿಂತಿದ್ದ.

“ತವರದಾಗ ಸೀಸಾ ಕೂಡಿಸಿಲ್ಲ ಹೌದಲ್ಲ?” ವೆಂಕೂಬಾಯಿಯವರ ಪ್ರಶ್ನೆ.

“ಅಲ್ಲಾ ಕಸಂ ಬಾಯೀ, ಖರೇ ತವರ. ಸೀಸಾ ಕೂಡಿಸಿದ್ರ ಬೆಳ್ಳಗ ಹೊಳೀತಾದೇನು? ಮಾರಿ ನೋಡ್ಕೋರಿ ಅದ್ರಾಗ.” ತುಸು ತಡೆದು ಖಾಸಿಂ ಬೀ ನಕ್ಕಳು. “ಒಂದ್ ಮಾತ್ ಕೇಳ್ಲಿ? ನಿಮ್ಮ ಮಡಿಗೆ ನಾ ಮುಟ್ಟಿದ್ದು ನಡೀತಾದ?”

“ಬೆಂಕ್ಯಾಗ ಹೊಕ್ಕು ಬಂದದ್ದಕ್ಕ ಯಾರ ಮೈಲಿಗಿನೂ ಇಲ್ಲ.”

“ಹಂಗಾದ್ರ ನಿಮ್ಮ ಮಡಿ ನಾ ಹಚ್ಚಿದ್ದು ಅಂತ ಹೇಳ್ಕೋತ ತಿರಗತೀನಿ ಮಾನ್ವಿ ತುಂಬಾ!”

“ಹೇಳ್ಕೋ. ಕಲಾಯಿ ಉದುರಿದ್ರ ಮಾತ್ರ ನಾನೂ ಹೇಳ್ಕೋತೀನಿ.”

ಎಲೆಯ ಪ್ರಶ್ನೆಯೊಂದು ಉಳಿದಿತ್ತು. ಭವನದಲ್ಲಿ ಬಳಸುತ್ತಿದ್ದುದು ಬಾಳೆ ಎಲೆಯ ಚಿತ್ರವನ್ನು ಮುದ್ರಿಸಿದ ಕಾಗದ, ಅದರ ಮೈಗೂ ಪ್ಲಾಸ್ಟಿಕ್ಕಿನ ಪೊರೆ. ದೇವದುರ್ಗದ ಕಡೆಯಿಂದ ಗದ್ದೆಮ್ಮ ಎಂಬಾಕೆ ತನ್ನ ಕೇರಿಯ ಹೆಂಗಸರೊಡನೆ ಮುತ್ತಲ ಎಲೆಗಳನ್ನು ಕಡ್ಡಿಯಿಂದ ಜೋಡಿಸಿ ಊಟದ ಪತ್ರೋಳಿ ಹಚ್ಚಿ ಮಾರುತ್ತಾಳೆಂದು ತಿಳಿದು ಹೇಳಿ ಕಳಿಸಿದರು. ಆಕೆ ಜನವರಿ ೯ರಂದು ಕಟ್ಟುಗಳನ್ನು ಹೊರಿಸಿಕೊಂಡು ತಾನೇ ಬಂದಳು. “ಯವ್ವಾ, ಕೇರಿಗೆ ಕೇರಿನs ಕುಂತು ಹಚ್ಚಾಕತ್ತಿತ್ರಿ. ಪಾರಣಿ ಎಲಿ ಅಂತ ಗೊತ್ತಾಗಿ ಒಬ್ಬಾಕಿನೂ ತೂತಿಂದು ಹಾಕಿಲ್ಲ. ಬೇಕಾರ ಸಾರು ಹೊಯ್ದು ನೋಡ್ರಿ!” ಹೊಯ್ದು ನೋಡಿದರು. ಸೋರಲಿಲ್ಲ.

ಕ್ರೋಧಿ ಸಂವತ್ಸರದ ಪುಷ್ಯ ಶುದ್ಧ ದ್ವಾದಶಿ, ೨೦೨೫ನೆಯ ಇಸವಿ ಜನವರಿ ೧೧, ಶನಿವಾರ. ಧನುರ್ಮಾಸವಾದ್ದರಿಂದ ಹೆಸರುಬೇಳೆಯ ಹುಗ್ಗಿ, ಹುಣಸೆ ಗೊಜ್ಜು, ಪಾರಣೆಗೆ ಬಿಡಲಾಗದ ಅಗಸೆಸೊಪ್ಪು, ನೆಲ್ಲಿಕಾಯಿ. ಸೂರ್ಯ ಕಣ್ಣು ಬಿಡುವ ಮೊದಲೇ ಮೊದಲ ಪಂಕ್ತಿ ಎಲೆಯ ಮುಂದೆ ಕುಳಿತಿತ್ತು.

ಮುಸುರೆಯ ತೊಡಕಿಗೆ ವೆಂಕೂಬಾಯಿಯವರು ಕಂಡುಕೊಂಡ ದಾರಿ ಹೊಸದಲ್ಲ. ಮಾನ್ವಿಯಲ್ಲಿ ಅವರ ತಂದೆಯ ಕಾಲದಲ್ಲಿ ಹಾಗೆಯೇ ನಡೆಯುತ್ತಿತ್ತು. ಒಬ್ಬರಿಗೆ ಒಂದೇ ಪಾತ್ರೆ, ಮೊದಲಿನಿಂದ ಕೊನೆಯವರೆಗೆ. ಹುಗ್ಗಿಯವರು ಹುಗ್ಗಿಯನ್ನೇ, ತುಪ್ಪದವರು ತುಪ್ಪವನ್ನೇ. ಯಾರೂ ಕೈ ಬದಲಿಸುವುದಿಲ್ಲ, ಆದ್ದರಿಂದ ಯಾರೂ ಕೈ ತೊಳೆಯಬೇಕಾಗಿಯೂ ಇಲ್ಲ. ಭಾರದ ಕೊಪ್ಪರಿಗೆಗಳನ್ನು ಕಿವಿಗೆ ಹಗ್ಗ ಹಾಕಿ, ಬಿದಿರು ತೂರಿಸಿ, ಇಬ್ಬರು ಹೆಗಲಿಗೆ ಹೊತ್ತು ಸಾಲಿನ ತುದಿಗೆ ತಂದಿಡುವರು. ಅಲ್ಲಿಂದ ಸಣ್ಣ ಬೋಗುಣಿಗಳಲ್ಲಿ ಬಡಿಸುವುದು. ಪ್ಲಾಸ್ಟಿಕ್ಕಿನ ಅನುಕೂಲದಲ್ಲಿ ಎಲ್ಲರೂ ಎಲ್ಲವನ್ನೂ ಹಿಡಿದು ಎದುರುಬದುರಾಗಿ ಓಡುತ್ತಿದ್ದವರು, ಈಗ ಒಂದೇ ದಿಕ್ಕಿಗೆ ಒಬ್ಬರ ಹಿಂದೊಬ್ಬರು ನಡೆದರು. ಮೊದಲ ಪಂಕ್ತಿ ಎದ್ದಾಗ ಸುಶಮೀಂದ್ರ ಎರಡು ಸಲ ಗಡಿಯಾರ ನೋಡಿದ.

ಎರಡನೆಯದೂ ಎದ್ದಿತು. ಮೂರನೆಯದು ಕೂಡುವ ಹೊತ್ತಿಗೆ, ಮಾನ್ವಿಯ ಕಡೆಯ ಬಾಗಲವಾಡದಿಂದ ಎರಡು ಟಂಟಂ ರಿಕ್ಷಾ ತುಂಬ ಹೇಳದೆ ಬಂದವರು ಬಾಗಿಲಲ್ಲಿ ನಿಂತಿದ್ದರು. ಅದೇ ಸಮಯಕ್ಕೆ ತುಪ್ಪದವನ ಕಾಲು ಒದ್ದೆ ನೆಲದಲ್ಲಿ ಜಾರಿ ಉಳುಕಿತು. ಪಂಕ್ತಿಯಲ್ಲಿ ಹುಗ್ಗಿ ಬಿದ್ದಾಗಿತ್ತು, ತುಪ್ಪವಿಲ್ಲ. ಗಡಿಯಾರ ಎಂಟನ್ನು ಮುಟ್ಟಿತ್ತು. ಸುಶಮೀಂದ್ರ ಉಗ್ರಾಣಕ್ಕೆ ಓಡಿ, ತಾನು ಮೊದಲೇ ಜೋಡಿಸಿಟ್ಟಿದ್ದ ಬುಟ್ಟಿಗಳಲ್ಲಿ ಒಂದನ್ನು ಎತ್ತಿಕೊಂಡು ಬಂದ. ಕಾದ ತುಪ್ಪವನ್ನು ಅದಕ್ಕೆ ಬಗ್ಗಿಸಿ, ಹುಗ್ಗಿ ಬಡಿಸಿದವರ ಕೈಗೇ ಹಳೆಯ ರೂಢಿಯಂತೆ ಕೊಡುವುದೊಂದೇ ಬಾಕಿ.

ವೆಂಕೂಬಾಯಿಯವರು ಕಂಬದ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಸ್ಟೀಲಿನ ಡಬ್ಬಿ ಒಂದೇ ಇತ್ತು, ಮುಚ್ಚಿದಂತೆಯೇ. ವೇದಶ್ರೀ ಪಂಕ್ತಿಯಲ್ಲಿ ಕುಳಿತಿದ್ದಳು, ಓರಗೆಯ ಹುಡುಗಿಯರ ನಡುವೆ, ಎಲೆಯ ಮೇಲಿನ ಹುಗ್ಗಿಯಲ್ಲಿ ಬೆರಳಿನಿಂದ ತುಪ್ಪಕ್ಕೆ ಗುಂಡಿ ಮಾಡಿಕೊಂಡು.

“ಸುಶಮೀಂದ್ರ!” ಆ ಧ್ವನಿಗೆ ಸಾಲುಗಳೆಲ್ಲ ತಲೆಯೆತ್ತಿದವು. “ಆ ಬುಟ್ಟಿ ಕೆಳಗಿಡು. ಮಡಿಯಾಗ ಇದ್ದೀಯಲ್ಲ?”

“ಇದ್ದೀನಿ ಕಾಕು, ಆದ್ರ ಟೈಮು...”

“ಟೈಮು ಬುಟ್ಟಿಯೊಳಗ ಇಲ್ಲ, ಕಾಲಾಗ ಅದ. ಬಾ, ತುಪ್ಪದ ಗಿಂಡಿ ಹಿಡಿ. ಓಡಬ್ಯಾಡ, ನಡಿ. ಆ ಕಡೆ ಗ್ವಾಡಿ ಮುಟ್ಟೋತನಕ ಹಿಂದ ನೋಡಬ್ಯಾಡ.”

ಸುಶಮೀಂದ್ರ ಬುಟ್ಟಿಯನ್ನು ನೋಡಿದ, ಗಿಂಡಿಯನ್ನು ನೋಡಿದ, ಎಲೆಯ ಮುಂದೆ ಉಪವಾಸ ಕುಳಿತ ಇನ್ನೂರು ಮುಖಗಳನ್ನು ನೋಡಿದ. ಬುಟ್ಟಿ ನೆಲಕ್ಕೆ ಬಿತ್ತು. ಹಿತ್ತಾಳೆಯ ಗಿಂಡಿಯನ್ನು ಹಿಡಿದು ಹೊರಟವನು ಪಂಕ್ತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಲೆ ತಪ್ಪದೆ, ಹನಿ ಚೆಲ್ಲದೆ ನಡೆದ. ಬಾಗಲವಾಡದವರಿಗೂ ಎಲೆ ಬಿತ್ತು, ಹುಗ್ಗಿ ಬಿತ್ತು, ತುಪ್ಪ ಬಿತ್ತು. ಗುರುಪ್ರಸನ್ನಾಚಾರ್ಯರು ಪಂಚಾಂಗವನ್ನು ಗಡಿಯಾರದ ಪಕ್ಕದಲ್ಲಿ ಹಿಡಿದು ನಿಂತಿದ್ದರು. ಕೊನೆಯ ಎಲೆಯವನು ಮೊದಲ ತುತ್ತು ಎತ್ತಿದ್ದನ್ನು ಕಂಡು ಪಂಚಾಂಗ ಮುಚ್ಚಿದರು.

“ಆತು! ಎಲ್ಲಾರದೂ ಆತು! ದ್ವಾದಶಿ ಇನ್ನ ಉಳದದ!”

ಪಂಕ್ತಿಯಲ್ಲಿ ಗೋವಿಂದನ ನಾಮ ಎದ್ದಿತು. ಸಾಮಾನ್ಯವಾಗಿ ಒಬ್ಬರು ಹೇಳಿ ಉಳಿದವರು ಗುನುಗುವ ನಾಮ, ಅಂದು ಮಾಳಿಗೆಗೆ ಮುಟ್ಟಿತು. ಹಿತ್ತಲಿನ ಬೇವಿನ ನೆರಳಲ್ಲಿ ಅದೇ ಮುತ್ತಲ ಎಲೆಯ ಮೇಲೆ ಅದೇ ಕೊಪ್ಪರಿಗೆಯ ಹುಗ್ಗಿ ಉಣ್ಣುತ್ತಿದ್ದ ಗದ್ದೆಮ್ಮನೂ ಖಾಸಿಂ ಬೀಯೂ ಅದನ್ನು ಕೇಳಿ ಒಬ್ಬರನ್ನೊಬ್ಬರು ನೋಡಿದರು. “ನಮ್ಮ ಕೆಲ್ಸ ಪಾಸಾತು ಕಾಣ್ತಾದ,” ಎಂದಳು ಖಾಸಿಂ ಬೀ, ಮತ್ತೊಂದು ಸೌಟಿಗೆ ಎಲೆ ಮುಂದೆ ಮಾಡುತ್ತ. ಬಡಿಸಿದವರು ವೆಂಕೂಬಾಯಿಯವರೇ.

ಸುಶಮೀಂದ್ರ ಬೆವರು ಒರೆಸಿಕೊಳ್ಳುತ್ತ ಬಂದ. “ಕಾಕು, ಹೋದ ವರ್ಷಕ್ಕಿಂತ ಲಗೂ ಆತು.”

“ನನಗೇನು ಹೇಳ್ತಿ? ಬುಟ್ಟಿಗೆ ಹೇಳು.”

ಅವನು ಬುಟ್ಟಿಗಳನ್ನೆಲ್ಲ ಒಂದರೊಳಗೊಂದು ಇಟ್ಟು ತಾನೇ ಹೊತ್ತು ಹೊರಗೆ ಹಾಕಿದ. ಭವನದ ಹಿಂದಿನ ಗೋಡೆಯ ದುರಸ್ತಿಗೆ ಬಂದಿದ್ದ ಗೌಂಡಿಗಳು ಮರಳು ಹೊರಲು ತೆಗೆದುಕೊಂಡು ಹೋದರು.

ಅದೇ ದಿನ ಎರಡನೆಯ ಶನಿವಾರವೂ ಆಗಿತ್ತು. ಮಧ್ಯಾಹ್ನ ಅತ್ತೆ, ಸೊಸೆ, ಪಾಳಿ ಬದಲಿಸಿಕೊಂಡು ಬಂದ ವೆಂಕಟೇಶ, ಮೂವರೂ ಕೂಸಿನೊಡನೆ ಚಿಕಿತ್ಸಾಲಯದಲ್ಲಿದ್ದರು. ದೇವಿಕಾ ಕೂಸನ್ನು ಪರೀಕ್ಷಿಸಿದರು, ಎತ್ತರ ಅಳೆದರು, ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕದಲ್ಲಿ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಶ್ರೀಪ್ರಿಯಾ ಗಂಡನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

“ಮುಂದ ಹೋಗಿಲ್ಲ,” ಎಂದರು ವೈದ್ಯೆ. “ಇದ್ದದ್ದೂ ಹಿಂದಕ್ಕ ಸರದದ. ಎಲುಬು ಈಗ ವಯಸ್ಸಿನ ಜೋಡಿನs ನಡದದ, ಓಡವಲ್ಲದು. ಇಂಜೆಕ್ಷನ್ ಬ್ಯಾಡ.”

ವೆಂಕೂಬಾಯಿಯವರು ಸೆರಗಿನಿಂದ ಮುಖ ಒರೆಸಿಕೊಂಡರು. ಒಲೆಯ ಹೊಗೆಯಿಲ್ಲದ ಕಡೆ ಅವರು ಹಾಗೆ ಮಾಡಿದ್ದನ್ನು ಮಗ ಹಿಂದೆಂದೂ ಕಂಡಿರಲಿಲ್ಲ.

“ನಿಮ್ಮ ಹಿತ್ತಾಳಿಯಿಂದನs ಆತು ಅಂತ ನಾ ಬರದು ಕೊಡೂದಿಲ್ಲ ಮತ್ತ,” ದೇವಿಕಾ ನಕ್ಕರು. “ತಾನs ಸರಿಯಾಗೋ ಸ್ವಭಾವ ಇದಕ್ಕ ಅದ. ಆದ್ರ ನೀವು ಮಾಡಿದ್ದು ಮುಂದುವರಸ್ರಿ. ಈ ಕೂಸಿಗಷ್ಟs ಅಲ್ಲ, ಆ ಪಂಕ್ತಿಯೊಳಗ ಕೂಡೋ ಎಲ್ಲಾ ಮಕ್ಕಳಿಗೂ.”

“ಬರದು ಕೊಡೂದು ಬ್ಯಾಡ್ರಿ. ಕೂಸಿನ್ನ ಕೂಸಾಗೇ ತಿರುಗಿ ಕೊಟ್ರಲ್ಲಾ, ಸಾಕು.”

ಬಾಗಿಲು ತೆರೆಯುವ ಮೊದಲೇ ವೇದಶ್ರೀ ಓಡಿದ್ದಳು. ಅಂಗಳದಲ್ಲಿ ಯಾವುದೋ ಮಕ್ಕಳು ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದರು. ಕೇಳದೆಯೇ ಸೇರಿಕೊಂಡಳು. ಅಷ್ಟರಲ್ಲಿ ವೆಂಕೂಬಾಯಿಯವರ ಫೋನು ರಿಂಗಾಯಿತು. ಮಾನ್ವಿಯ ಒಂದು ಕಲ್ಯಾಣಮಂಟಪದವರು. ಬೆಳಗಿನ ಪಾರಣೆಯ ಸುದ್ದಿ ಬಾಗಲವಾಡದ ಟಂಟಂಗಳಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಫೆಬ್ರುವರಿಯಲ್ಲಿ ಸಾಮೂಹಿಕ ಉಪನಯನವಿದೆ, ತಾವೇ ಬಂದು ಅಡಿಗೆ ನಿಂತು ಮಾಡಿಸಬೇಕು, ಬುಟ್ಟಿ ತಪ್ಪಲೆಗಳೆಲ್ಲ ಮಂಟಪದಲ್ಲೇ ಇವೆ ಎಂದು ಆಚೆಯವರು ಹೇಳುತ್ತಿದ್ದರು.

ವೆಂಕೂಬಾಯಿಯವರು ಕೊನೆಯವರೆಗೂ ಕೇಳಿದರು. ಆಮೇಲೆ, ಒಲೆಯ ಮುಂದೆ ನಿಂತಾಗಿನ ಧ್ವನಿಯಲ್ಲಿ, ಅಂಗಳದ ಮಕ್ಕಳೆಲ್ಲ ತಿರುಗಿ ನೋಡುವಂತೆ ಉತ್ತರ ಕೊಟ್ಟರು:

“ಬರ್ತೀನ್ರಿ, ಬರ್ಲಿಕ್ಕೇನು? ಮೊದಲು ನಿಮ್ಮ ಅಟ್ಟಾ ಹತ್ತಿ ಏನೇನು ಹಿತ್ತಾಳಿ ಅದ ನೋಡ್ರಿ. ಆಮ್ಯಾಲೆ ನಿಮ್ಮೂರಾಗ ಖಾಸಿಂ ಬೀ ಅಂತ ಇದ್ದಾಳ, ಆಕಿನ್ನ ಕರೀರಿ. ಆಕಿ ಹೂಂ ಅಂದ ಮ್ಯಾಲೆ ನನಗ ಫೋನ್ ಮಾಡ್ರಿ!”